ನೂರೆಲೆಗೆ ಪಟ್ಟಿ ಬರೆದ ನಮ್ಮಣ್ಣ

ನಮ್ಮಣ್ಣ ಸಂತೆಗೆ ಹೋದರೆ ಬರಿಗೈಯಲ್ಲಿ ಬರುತ್ತಿದ್ದ. ಚೀಲವನ್ನೇ ಒಯ್ಯುತ್ತಿರಲಿಲ್ಲ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಹುಣಸೆಹಣ್ಣಿನ ಗುಡ್ಡೆಯ ಮುಂದೆ ಸ್ವಲ್ಪ ಹೊತ್ತು, ಬೆಲ್ಲದ ಅಚ್ಚಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುವನು. ರೇಟು ಕೇಳುವನು. ಬೆಲ್ಲದ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು, "ಸರಿ" ಎಂದು ಮುಂದಕ್ಕೆ ಹೋಗುವನು. ಕೋಲಾರದ ಸಂತೆಯಲ್ಲಿ ಒಣಮೆಣಸಿನಕಾಯಿ ಮಾರುತ್ತಿದ್ದ ಮುದುಕಿಯೊಬ್ಬಳು ಅವನನ್ನು ದೂರದಿಂದಲೇ ಕಂಡು, "ಏಮಯ್ಯಾ ಇನ್‌ಸ್ಪೆಕ್ಟರೂ, ಊರಕೇ ಚೂಸೇದೇನಾ, ಕೊನೇದಿ ಲೇದಾ?" ಎಂದು ತೆಲುಗಿನಲ್ಲಿ ಕಿಚಾಯಿಸುತ್ತಿದ್ದಳು. ಬರೀ ನೋಡುವುದೇನಾ, ಕೊಳ್ಳುವುದಿಲ್ಲವಾ ಎಂದು ಅವಳ ಪ್ರಶ್ನೆ.

"ನೋಡೋದೇ ದೊಡ್ಡ ಕೆಲಸ ಕಣವ್ವಾ. ಕೊಳ್ಳೋದನ್ನ ಯಾರ್ ಬೇಕಾದ್ರೂ ಮಾಡ್ತಾರೆ" ಎಂದು ಅಣ್ಣ ನಗುತ್ತಿದ್ದ.

ಅವನ ಹೆಸರು ಮುನಿಶಾಮಪ್ಪ. ಕೋಲಾರ, ಮಾಲೂರು, ಮುಳಬಾಗಿಲು ಸೀಮೆಯ ಮದುವೆಮನೆಗಳಲ್ಲಿ ಅಡಿಗೆ ಮುನಿಶಾಮಣ್ಣ ಎಂದರೆ ಗೊತ್ತಾಗುತ್ತಿತ್ತು. ನಮ್ಮದು ಅಡಿಗೆಯವರ ಮನೆತನವಲ್ಲ. ಕ್ಯಾಲನೂರಿನ ಹತ್ತಿರ ಒಂದಿಷ್ಟು ರಾಗಿ, ಒಂದಿಷ್ಟು ಟೊಮೇಟೊ, ಬಾವಿಯ ಪಕ್ಕ ಹಿಪ್ಪುನೇರಳೆ ಬೆಳೆದುಕೊಂಡು ಇದ್ದವರು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ನನ್ನ ಓದು ಅಲ್ಲಿಗೆ ನಿಂತಿತು. ಅಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ಸಬ್ಜೆಕ್ಟಿನಲ್ಲಿ ಫೇಲಾಗಿ ಮುಳಬಾಗಿಲಿಗೆ ಹೋದ. ಅಲ್ಲಿ ಒಬ್ಬ ವಯಸ್ಸಾದ ಅಡಿಗೆಯವರ ಕೈಕೆಳಗೆ ಐದಾರು ವರ್ಷ ಹೊಗೆ ಕುಡಿದು ಕೆಲಸ ಕಲಿತು ಊರಿಗೆ ಬಂದ. ಎಪ್ಪತ್ತರ ದಶಕದ ನಡುವಿನ ಹೊತ್ತಿಗೆ ಅವನ ಹತ್ತಿರ ಸ್ವಂತದ ಎರಡು ಕೊಪ್ಪರಿಗೆ, ಆಳುದ್ದದ ಸೌಟುಗಳು, ಆರು ಜನ ಗಂಡಾಳು, ತರಕಾರಿ ಹೆಚ್ಚಿ ಮಸಾಲೆ ರುಬ್ಬಲು ನಾವು ನಾಲ್ಕು ಜನ ಹೆಂಗಸರು ಇದ್ದೆವು.

ಅಣ್ಣನಿಗೆ ಒಂದು ಹುಚ್ಚಿತ್ತು. ಕೋಲಾರದ ಬಸ್‌ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಹೊಸಬರಿಗೆಂದು ಬರೆದ ತೆಳ್ಳನೆಯ ಪುಸ್ತಕ ಯಾವುದೇ ಬಂದಿರಲಿ, ತಂದುಬಿಡುವನು. ಕೋಳಿ ಸಾಕುವುದು, ಗಡಿಯಾರ ರಿಪೇರಿ, ಟೈಪಿಂಗ್. ನಮ್ಮ ಮನೆಯಲ್ಲಿ ಕೋಳಿ ಬಿಟ್ಟರೆ ಮಿಕ್ಕ ಎರಡೂ ಇರಲಿಲ್ಲ. ಅಮ್ಮ ಬೈದರೆ ಹೇಳುತ್ತಿದ್ದ: "ದಪ್ಪ ಪುಸ್ತಕ ಗೊತ್ತಿರೋರಿಗಮ್ಮ. ತೆಳ್ಳಗಿರೋದು ನಮ್ಮಂಥೋರಿಗೆ. ಮೊದಲ್ನೇ ಪುಟದಲ್ಲೇ, ನಿಮಗೆ ಏನೂ ಗೊತ್ತಿಲ್ಲ ಅಂದ್ಕೊಂಡು ಶುರು ಮಾಡೋಣ ಅಂತಾನಲ್ಲ, ಅವನು ದೊಡ್ಡ ಮನುಷ್ಯ." ಆ ಪುಸ್ತಕಗಳನ್ನು ನನ್ನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತಿದ್ದ. ನಾನು ಅಕ್ಷರ ಮರೆಯದೆ ಉಳಿದದ್ದು ಹಾಗೆ. ಗಡಿಯಾರದ ಸ್ಪ್ರಿಂಗ್ ಎಲ್ಲಿರುತ್ತದೆ ಎಂದು ನನಗೆ ಈಗಲೂ ಗೊತ್ತು.

ದೊಡ್ಡ ಊಟದ ಅಡಿಗೆಯ ಬಗ್ಗೆ ಮಾತ್ರ ಅವನಿಗೆ ಪುಸ್ತಕ ಸಿಗಲಿಲ್ಲ. ಅಂಗಡಿಯಲ್ಲಿ ಇದ್ದವೆಲ್ಲ ನಾಲ್ಕು ಜನರಿಗೆ, ಒಂದು ಚಮಚ ಸಾಸಿವೆ, ಚಿಟಿಕೆ ಇಂಗು ಎನ್ನುವಂಥವು. "ನಾಲ್ಕು ಜನಕ್ಕೆ ಅಡಿಗೆ ಮಾಡೋಕೆ ಪುಸ್ತಕ ಯಾಕೆ ಬೇಕು? ಅಮ್ಮ ಸಾಲ್ದಾ? ನಾನೂರು ಜನಕ್ಕೆ ಉಪ್ಪು ಎಷ್ಟು ಅಂತ ಒಬ್ಬನೂ ಬರೆದಿಲ್ಲ ನೋಡು" ಎಂದು ತಾನೇ ಬರೆಯಲು ಕುಳಿತ. ಗೆರೆ ಹಾಕಿದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನೂರೆಲೆ ಪಟ್ಟಿ ಎಂದು ಬರೆದು, ನೂರು ಎಲೆ ಹಾಕಿದರೆ ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ, ಸೌದೆ ಎಷ್ಟು ಎಂದು ಸಾಲಾಗಿ ಇಳಿಸಿದ. ಮುಂದಿನ ಪುಟದಲ್ಲಿ ಎಚ್ಚರಿಕೆ: ಎಲೆ ಹತ್ತು ಪಾಲು ಆದರೆ ಅಕ್ಕಿ ಹತ್ತು ಪಾಲು ಆಗುತ್ತದೆ, ಉಪ್ಪು ಖಾರ ಆಗುವುದಿಲ್ಲ, ಕೈ ಹಿಡಿಯಬೇಕು. ಪ್ರತಿ ಮದುವೆ ಮುಗಿಸಿ ಬಂದು ಏನಾದರೂ ಹೊಡೆದು ಹಾಕುವನು, ಏನಾದರೂ ಸೇರಿಸುವನು.

ಎರಡನೆಯ ಪುಸ್ತಕದ ಹುಚ್ಚು ಹಿಡಿದದ್ದು ಕೋಲಾರದ ಒಂದು ಮದುವೆಯಲ್ಲಿ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ಮೇಷ್ಟ್ರೊಬ್ಬರು ಊಟಕ್ಕೆ ಬಂದಿದ್ದರು. ಅವರು ಕೈ ತೊಳೆಯುವ ಕಡೆಯೇ ಅಣ್ಣ ಹಿಡಿದುಕೊಂಡ.

"ಸಾರ್, ಪೇಪರಲ್ಲಿ ಬೆಲೆ ಸೂಚ್ಯಂಕ ಏರ್ತು ಅಂತ ಬರೀತಾರಲ್ಲ, ಅದೇನ್ ಸಾರ್? ಯಾವುದರ ಬೆಲೆ?"

ಮೇಷ್ಟ್ರು ಒದ್ದೆ ಕೈಯಲ್ಲೇ ನಿಂತು ಹೇಳಿದರು: "ಒಂದು ಬುಟ್ಟಿ ಅಂದ್ಕೊಳ್ಳಿ. ಒಂದು ಸಂಸಾರಕ್ಕೆ ಬೇಕಾದ್ದೆಲ್ಲ ಅದರಲ್ಲಿದೆ. ಬುಟ್ಟೀಲಿರೋದನ್ನ ಬದಲಾಯಿಸಬಾರದು. ಅದೇ ಬುಟ್ಟಿಗೆ ಹೋದ ವರ್ಷ ಎಷ್ಟಾಗ್ತಿತ್ತು, ಈ ವರ್ಷ ಎಷ್ಟಾಗುತ್ತೆ, ನೋಡ್ತಾ ಹೋಗೋದು. ಅಷ್ಟೇ."

"ಅಷ್ಟೇನಾ ಸಾರ್?"

"ಅಷ್ಟೇ. ಮಿಕ್ಕಿದ್ದು ನಮಗೆ ಸಂಬಳ ಬರಲಿ ಅಂತ ನಾವು ಸೇರಿಸಿರೋದು."

ಅಣ್ಣ ಸೌಟು ಹಿಡಿದುಕೊಂಡೇ ನಾವು ಹೆಂಗಸರು ಕೂತಿದ್ದ ಕಡೆಗೆ ಓಡಿಬಂದ. "ಲೇ ರತ್ನಾ! ಸರ್ಕಾರದೋರೂ ನೂರೆಲೆ ಪಟ್ಟೀನೇ ಬರೀತಾರಂತೆ ಕಣೇ!" ಅವತ್ತು ಅವನ ಮುಖದಲ್ಲಿದ್ದ ಸಂತೋಷವನ್ನು ಅವನ ಮದುವೆಯಲ್ಲಿಯೂ ನಾನು ಕಾಣಲಿಲ್ಲ.

ಅಲ್ಲಿಂದ ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಆ ಪಟ್ಟಿಗೆ ಅಂದಿನ ಧಾರಣೆ ಹಾಕಿ ನೋಡುವುದು ಶುರುವಾಯಿತು. ಧಾರಣೆ ನೋಡುವ ಬಗೆ ಎಂದು ಇನ್ನೊಂದು ನೋಟ್‌ಬುಕ್ಕಿಗೆ ಹೆಸರಿಟ್ಟ. ಪೇಪರಿನವರು ಕಾಣದ್ದನ್ನೂ ಅದರಲ್ಲಿ ಬರೆದ. ಈರುಳ್ಳಿ ಏರಿದರೆ ಬೆಳೆ ಹೋಗಿದೆ ಎಂದು ಅರ್ಥ. ಹೂವಿನ ಬೆಲೆ ಏರಿದರೆ ಕೈಯಲ್ಲಿ ಕಾಸಿದೆ ಎಂದು ಅರ್ಥ. ಎರಡೂ ಏರಿಕೆಯೇ, ಆದರೆ ಮದುವೆಮನೆಯಲ್ಲಿ ಎರಡಕ್ಕೂ ಬೇರೆ ಬೇರೆ ಅಡಿಗೆ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೇಟು ಚೆನ್ನಾಗಿದ್ದರೆ ಜನ ಹೊಸ ಬಟ್ಟೆ ಹಾಕಿಕೊಂಡು ತಡವಾಗಿ ಬರುತ್ತಾರೆ, ಅನ್ನ ಬಿಡುತ್ತಾರೆ, ಪಾಯಸ ಎರಡು ಸಲ ಕೇಳುತ್ತಾರೆ. ಮಳೆ ಹಿಂದೆಮುಂದೆ ಆದ ವರ್ಷ ಬೇಗ ಬಂದು ಸಾರನ್ನ ಉಣ್ಣುತ್ತಾರೆ. "ಊಟ ಆದ್ಮೇಲೆ ಎಲೆ ನೋಡು ರತ್ನಾ. ಎಲೆಯಲ್ಲಿ ಬಿಟ್ಟಿರ್ತಾರಲ್ಲ, ಅದನ್ನ ಯಾವ ಪೇಪರ್‌ನೋನೂ ಬರೆಯಲ್ಲ" ಎನ್ನುತ್ತಿದ್ದ. ಎಂಜಲೆಲೆ ತೆಗೆಯುವವರ ಪಕ್ಕದಲ್ಲಿ ನಿಂತು ಎಲೆಗಳನ್ನು ನೋಡುತ್ತಿದ್ದ ಅಡಿಗೆಯವನನ್ನು ಜನ ವಿಚಿತ್ರವಾಗಿ ನೋಡುತ್ತಿದ್ದರು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಅಣ್ಣನ ಗುಣ ಹೇಳಿಕೊಂಡು ಅದನ್ನು ಮುಂದೆ ತಳ್ಳುತ್ತಿದ್ದೆ.

ನಮ್ಮ ಕಡೆ ಮದುವೆಗೆ ಊರೂರು ಕರೆಯಲು ಹೋದವರು ಎರಡರಲ್ಲಿ ಒಂದು ಮಾತು ಹೇಳಿ ಬರುತ್ತಿದ್ದರು. ಮನೆಗೊಬ್ಬರು ಬನ್ನಿ ಎಂದರೆ ಮನೆಯಿಂದ ಒಬ್ಬರು ಬಂದು ಮುಯ್ಯಿ ಒಪ್ಪಿಸಿ ಉಂಡುಹೋಗುತ್ತಾರೆ. ಒಲೆ ಹಚ್ಚಬೇಡಿ ಎಂದರೆ ಅವತ್ತು ಆ ಮನೆಯಲ್ಲಿ ಅಡಿಗೆಯೇ ಇಲ್ಲ, ತೊಟ್ಟಿಲ ಮಗುವಿನಿಂದ ಹಿಡಿದು ಕೋಲೂರುವ ಮುದುಕರವರೆಗೆ ಎಲ್ಲರೂ ಬರುತ್ತಾರೆ. ಯಾವ ಊರಿಗೆ ಯಾವ ಮಾತು ಹೋಗಿದೆ ಎಂದು ಅಡಿಗೆಯವನಿಗೆ ಮೊದಲೇ ಗೊತ್ತಿರಬೇಕು. ಗಂಡಸರನ್ನು ಕೇಳಿದರೆ ಜಂಬಕ್ಕೆ ಹೆಚ್ಚು ಹೇಳುತ್ತಾರೆ, ಇಲ್ಲವೇ ಖರ್ಚಿಗೆ ಹೆದರಿ ಕಡಿಮೆ ಹೇಳುತ್ತಾರೆ. ನಿಜ ಹೇಳುವವರು ಆ ಮನೆಯ ಹೆಂಗಸರು. ಅದಕ್ಕೇ ಅಣ್ಣ ಮದುವೆಗೆ ಹತ್ತು ದಿನ ಮುಂಚೆ ನನ್ನನ್ನು ಕಳಿಸುತ್ತಿದ್ದ. ಅವರ ಜೊತೆ ಅಕ್ಕಿ ಆರಿಸುತ್ತಾ ಕೂತು ಕೇಳಿಕೊಂಡು ಬರುವುದು ನನ್ನ ಕೆಲಸ.

ತಾಯಲೂರಿನಿಂದ ಆಚೆ ಒಂದು ಹಳ್ಳಿಯ ಗಂಡಿನ ಮನೆಯವರು ಅಣ್ಣನಿಗೆ ಅಡಿಗೆ ಒಪ್ಪಿಸಿದರು. ಅದೇ ಮನೆಯವರು ಎರಡು ವರ್ಷದ ಹಿಂದೆ ದೊಡ್ಡ ಮಗನಿಗೆ ನನ್ನನ್ನು ನೋಡಲು ಬಂದಿದ್ದರು. ಆ ಹುಡುಗನ ತಾಯಿ ಉಪ್ಪಿಟ್ಟು ತಿಂದು, ತಟ್ಟೆ ಕೆಳಗಿಟ್ಟು, "ನಾಲ್ಕನೇ ಕ್ಲಾಸಾ? ನಮ್ಮ ಹಸು ಕಾಯೋನು ಐದನೇದು ಓದವ್ನೆ" ಎಂದು ನಗುತ್ತಾ ಎದ್ದುಹೋಗಿದ್ದಳು. ಈಗ ಚಿಕ್ಕ ಮಗನ ಮದುವೆ.

ಅಣ್ಣ ನನ್ನನ್ನು ಕೇಳಿದ. "ಹೋಗ್ತೀಯೇನಮ್ಮ? ಬೇಡ ಅಂದ್ರೆ ಬೇಡ. ಬೇರೆ ಯಾರನ್ನಾದ್ರೂ ಕಳಿಸ್ತೀನಿ."

"ನನಗೇನಂತೆ? ಹೋಗ್ತೀನಿ" ಎಂದೆ. ಬೇಡ ಎಂದಿದ್ದರೆ ಇನ್ನೂ ನೋವಿದೆ ಎಂದು ಅವನಿಗೆ ಗೊತ್ತಾಗುತ್ತದಲ್ಲ, ಆ ಹಮ್ಮಿಗೆ.

ಮುಳಬಾಗಿಲಿನಲ್ಲಿ ಬಸ್ಸು ಬದಲಾಯಿಸಿ, ತಾಯಲೂರಿನಲ್ಲಿ ಇಳಿದು, ನಡೆದು ಆ ಊರಿನ ಕೆರೆಕಟ್ಟೆಯವರೆಗೂ ಹೋದೆ. ಅಲ್ಲಿಂದ ಅವರ ಮನೆ ಕಾಣುತ್ತಿತ್ತು. ಹೊಸದಾಗಿ ಸುಣ್ಣ ಬಳಿದಿದ್ದರು. ಜಗಲಿಯ ಮೇಲೆ ಆರೇಳು ಹೆಂಗಸರು ಮೊರ ಹಿಡಿದು ಕೂತು ಏನೋ ಮಾತಿಗೆ ನಗುತ್ತಿದ್ದರು. ಆ ನಗು ನನ್ನ ಬಗ್ಗೆ ಅಲ್ಲವೇ ಅಲ್ಲ, ನನಗೆ ಗೊತ್ತು. ಆದರೂ ಕಾಲು ಮುಂದೆ ಹೋಗಲಿಲ್ಲ. ಕಟ್ಟೆಯ ಮೇಲಿದ್ದ ಹೊಂಗೆಮರದ ಕೆಳಗೆ ಒಂದು ಗಂಟೆ ಕೂತೆ. ಎಮ್ಮೆ ಹೊಡೆದುಕೊಂಡು ಬಂದವನೊಬ್ಬ, "ಯಾರ ಮನೆಗಮ್ಮಾ?" ಎಂದ. "ಯಾರ ಮನೆಗೂ ಇಲ್ಲ" ಎಂದು ಎದ್ದು ಬಸ್ಸಿಗೆ ವಾಪಸ್ಸು ಬಂದೆ.

ಹಿಂದಿನ ವರ್ಷ ದೊಡ್ಡ ಮಗನ ಮದುವೆಗೆ ಅವರು ಮನೆಗೊಬ್ಬರು ಎಂದೇ ಕರೆದಿದ್ದರಂತೆ. ಕೇಳಿದ ನೆನಪಿತ್ತು. ಮನೆಗೆ ಬಂದು ಅದನ್ನೇ ಹೇಳಿದೆ.

"ಮನೆಗೊಬ್ರಂತೆ ಅಣ್ಣಾ. ಎಲ್ಲಾ ಊರಿಗೂ."

ಅಣ್ಣ ಹುಂ ಎಂದ. ನೋಟ್‌ಬುಕ್ ತೆಗೆದ. "ಗೂಡಿನ ರೇಟು ನೋಡಿದ್ರೆ ಈ ಸಲ ಒಲೆ ಹಚ್ಚಬೇಡಿ ಅನ್ನೋ ಹಾಗಿದೆ. ಇರ್ಲಿ, ನೀನು ಹೇಳಿದ್ಮೇಲೆ ಆಯ್ತಲ್ಲ" ಎಂದು ಬರೆದುಕೊಂಡ.

ಮದುವೆಯ ದಿನ ಮಧ್ಯಾಹ್ನ ಮೊದಲನೆಯ ಪಂಕ್ತಿ ಎದ್ದಿತು, ಎರಡನೆಯದೂ ಎದ್ದಿತು. ನಾನು ಹಪ್ಪಳ ಕರಿಯುವ ಬಾಣಲೆಯ ಪಕ್ಕದಿಂದ ತಲೆಯೆತ್ತಿ ನೋಡಿದರೆ ಕೆರೆಕಟ್ಟೆಯ ಮೇಲೆ ಸಾಲು ಹಿಡಿದು ಜನ ಬರುತ್ತಿದ್ದರು. ಸೊಂಟದ ಮೇಲೆ ಮಕ್ಕಳು, ಹಿಂದೆ ಕೋಲೂರಿಕೊಂಡು ಮುದುಕರು. ಅಣ್ಣ ಅವರನ್ನು ನೋಡಿದ. ಒಂದೇ ಒಂದು ಸಲ ನನ್ನ ಕಡೆ ನೋಡಿದ. ಆಮೇಲೆ ನೋಡಲಿಲ್ಲ.

ಅವನ ಕೈಕಾಲು ಹೇಗೆ ಓಡಿದವು ಎಂದು ಈಗಲೂ ಕಣ್ಣಿಗೆ ಕಟ್ಟಿದೆ. ಅನ್ನ ಬಡಿಸುವವರಿಗೆ ಕೈ ಸಣ್ಣ ಮಾಡಲು ಹೇಳಿದ. ಹುಳಿಗೆ ನೀರು ಹೊಯ್ದು ಒಗ್ಗರಣೆ ಕೊಟ್ಟು ಹಿಗ್ಗಿಸಿದ. ಇಬ್ಬರನ್ನು ಊರೊಳಗೆ ಅಕ್ಕಿ ಸಾಲ ತರಲು ಓಡಿಸಿದ. ಅವರು ಹೋದಷ್ಟೇ ಬೇಗ ವಾಪಸ್ಸು ಬಂದರು. "ಅಣ್ಣೋ, ಯಾವ ಮನೇನೂ ತೆಗ್ದಿಲ್ಲ. ಬೀಗ ಹಾಕ್ಕೊಂಡು ಎಲ್ಲಾ ಇಲ್ಲೇ ಅವ್ರೆ!" ಒಲೆ ಹಚ್ಚಬೇಡಿ ಎಂದು ಕರೆಸಿಕೊಂಡ ಊರಲ್ಲವೇ. ಕೊನೆಗೆ ಸಿಕ್ಕಿದ್ದು ಗಂಡಿನ ಮನೆಯ ಮಣ್ಣಿನ ವಾಡೆಯಲ್ಲಿ ತುಂಬಿಟ್ಟಿದ್ದ ರಾಗಿಹಿಟ್ಟು. ಅಣ್ಣ ಕೊಪ್ಪರಿಗೆಯಲ್ಲಿ ಎಸರಿಟ್ಟು ಮುದ್ದೆ ತೊಳಸಿದ. ಮೂರನೆಯ ಪಂಕ್ತಿಗೆ ಮುದ್ದೆ, ನೀರಾದ ಹುಳಿ.

ಮನೆಯಲ್ಲಿ ದಿನಾ ಮುದ್ದೆ ಉಣ್ಣುವವರೇ ನಾವೆಲ್ಲ. ಆದರೆ ಆ ಕಾಲದಲ್ಲಿ ಮದುವೆಯ ಎಲೆಗೆ ಮುದ್ದೆ ಬೀಳುವುದು ಅಂದರೆ ಅದಕ್ಕಿಂತ ಅವಮಾನ ಇನ್ನೊಂದಿಲ್ಲ. ಹೆಣ್ಣಿನ ಕಡೆಯ ಹಿರಿಯರು ನಾಲ್ಕೈದು ಜನ ಎಲೆಯ ಮುಂದಿನಿಂದ ಎದ್ದರು. ಗಂಡಿನ ತಾಯಿ ಅಡಿಗೆ ಚಪ್ಪರಕ್ಕೇ ಬಂದಳು.

"ಏನಯ್ಯಾ ಮುನಿಶಾಮಪ್ಪ, ನಮ್ಮ ಮಾನ ಕಳಿಯೋಕೇ ಒಪ್ಕೊಂಡ್ಯಾ ಅಡಿಗೇನ? ನಿಮ್ಮನೆ ಹುಡುಗೀನ ಬೇಡ ಅಂದಿದ್ದಕ್ಕೆ ಹಿಂಗೆ ತೀರಿಸ್ಕೊಂಡ್ಯಾ?"

ಅಣ್ಣ ಸೌಟು ಕೆಳಗಿಟ್ಟು ಕೈಮುಗಿದ. "ಇಲ್ಲ ತಾಯಿ. ಅಂದಾಜು ತಪ್ಪಿದ್ದು ನಂದು. ಬೇರೆ ಇನ್ನೇನೂ ಇಲ್ಲ."

ನಾನು ಮೂರು ಮಾರು ದೂರದಲ್ಲಿದ್ದೆ. ಎದ್ದು ನಿಂತು, ನಾನು ನಿಮ್ಮ ಮನೆಗೆ ಬರಲೇ ಇಲ್ಲ, ಸುಳ್ಳು ಹೇಳಿದೆ, ಅಣ್ಣನದು ತಪ್ಪಿಲ್ಲ ಎಂದು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಏಳಲಿಲ್ಲ. ಬಾಣಲೆಯಲ್ಲಿ ಹಪ್ಪಳ ಕಪ್ಪಾಗುತ್ತಿತ್ತು, ಅದನ್ನೇ ನೋಡುತ್ತಾ ಕೂತೆ. ಹೋಗದೆ ಇದ್ದದ್ದು, ಸುಳ್ಳು ಹೇಳಿದ್ದು ಒಂದು ತೂಕವಾದರೆ, ಆಗ ಬಾಯಿ ಬಿಡದೆ ಇದ್ದದ್ದು ಇನ್ನೊಂದು ತೂಕ.

ಸೇಡಿಗೆ ಅಡಿಗೆ ಕೆಡಿಸುವವನು ಎಂಬ ಮಾತು ಮುಳಬಾಗಿಲು ಕಡೆ ಹಬ್ಬಿತು. ಅಲ್ಲಿಂದ ಕೋಲಾರಕ್ಕೂ ಬಂತು. ಅಡಿಗೆ ರುಚಿ ಕೆಟ್ಟರೆ ಇನ್ನೊಂದು ಸಲ ಕರೆಯುತ್ತಾರೆ, ಹೀಗೆ ಹೆಸರು ಕೆಟ್ಟರೆ ಯಾರೂ ಕರೆಯುವುದಿಲ್ಲ. ಒಂದು ವರ್ಷ ಮಾಲೂರಿನ ಕಡೆ ಚಿಕ್ಕಪುಟ್ಟ ನಾಮಕರಣ, ಗೃಹಪ್ರವೇಶ ಮಾಡಿದ. ಆಮೇಲೆ ಕೊಪ್ಪರಿಗೆ ಎರಡನ್ನೂ ಮಾರಿ, ಅತ್ತಿಗೆಯ ತೌರೂರು ಶ್ರೀನಿವಾಸಪುರಕ್ಕೆ ಹೊರಟುಹೋದ. ಹೋಗುವುದಕ್ಕೆ ಮುಂಚೆ ನನ್ನ ಮದುವೆ ಮಾಡಿದ. ಮಾಸ್ತಿಯವರು, ತರಕಾರಿ ಬೆಳೆಯುವವರು. ನನ್ನ ಓದು ಎಷ್ಟು ಎಂದು ಕೇಳಲೂ ಇಲ್ಲ. ನನ್ನ ಮದುವೆಗೆ ಅಣ್ಣನೇ ಅಡಿಗೆ ಮಾಡಿದ. ಎಲ್ಲರೂ ಹೊಗಳಿದರು. ನನಗೆ ಮಾತ್ರ ಒಂದು ತುತ್ತೂ ಇಳಿಯಲಿಲ್ಲ. ಹುಡುಗಿಗೆ ನಾಚಿಕೆ ಎಂದುಕೊಂಡರು.

ಎಂಟು ವರ್ಷ ಹಾಗೇ ಕಳೆದೆ. ಗಂಡ ಒಳ್ಳೆಯವರು, ಇಬ್ಬರು ಹೆಣ್ಣುಮಕ್ಕಳಾದರು, ಹಾಲು ಡೈರಿಗೆ ಹಾಕುತ್ತಿದ್ದೆವು. ಹಬ್ಬಕ್ಕೆ ಅಣ್ಣ ಬಂದರೆ ನಾನು ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. "ಅಣ್ಣ ಬಂದಿದ್ರೆ ಬಂದು ಮಾತಾಡ್ಸು, ಏನು ಒಲೆ ಓಡಿಹೋಗುತ್ತಾ?" ಎಂದು ನಮ್ಮವರು ಬೈಯುತ್ತಿದ್ದರು. ರಾತ್ರಿ ಮಲಗಿದರೆ ಗಂಡಿನ ತಾಯಿಯ ಮಾತು ಕೇಳಿಸುತ್ತಿತ್ತು, ಅಣ್ಣ ಕೈಮುಗಿದದ್ದು ಕಾಣಿಸುತ್ತಿತ್ತು. ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಸ್‌ ಸ್ಟ್ಯಾಂಡಿನವರೆಗೆ ಹೋಗಿ ತೆಂಗಿನಕಾಯಿ ಕೊಂಡುಕೊಂಡು ವಾಪಸ್ಸು ಬಂದಿದ್ದೇನೆ.

ಎಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಅಂಚೆಯಲ್ಲಿ ಒಂದು ಪುಸ್ತಕ ಬಂತು. ಕೋಲಾರದ ಚಿಕ್ಕ ಪ್ರೆಸ್ಸೊಂದರಲ್ಲಿ ಅಣ್ಣನೇ ಅಚ್ಚು ಹಾಕಿಸಿದ್ದ. ಮೇಲುಹೊದಿಕೆಯ ಕೆಂಪು ಬಣ್ಣ ಅಕ್ಷರದ ಮೇಲೆ ಹರಡಿಕೊಂಡಿತ್ತು. ಔತಣದ ಅಡಿಗೆ, ಹೊಸಬರಿಗೆ ಎಂದು ಹೆಸರು. ಮೊದಲ ಸಾಲು, "ನಿಮಗೆ ಏನೂ ಗೊತ್ತಿಲ್ಲ ಎಂದುಕೊಂಡು ಶುರು ಮಾಡೋಣ. ನನಗೂ ಹೆಚ್ಚು ಗೊತ್ತಿಲ್ಲ." ನಾನು ನಕ್ಕೆ. ಕೆಲಸ ಮುಗಿಸಿ ದಿನಕ್ಕೆರಡು ಪುಟ ಬೆರಳಿಟ್ಟುಕೊಂಡು ಓದುತ್ತಾ ಹೋದೆ. ಉಪ್ಪಿನ ಪಾಠ ಬಂತು, ಸೌದೆಯ ಪಾಠ ಬಂತು. ಎಂಟನೆಯ ದಿನಕ್ಕೆ, ಅಡಿಗೆ ಸಾಲದೆ ಬಂದರೆ ಎಂಬ ಪಾಠ.

ಅದರಲ್ಲಿ ಹೀಗಿತ್ತು: "ಒಮ್ಮೆ ತಾಯಲೂರಿನ ಕಡೆ ನನಗೆ ಹೀಗಾಯಿತು. ಎಷ್ಟು ಜನ ಬರುತ್ತಾರೆಂದು ವಿಚಾರಿಸಲು ಆ ಮನೆಯೊಳಗೆ ಕಾಲಿಡಲಾಗದವರನ್ನು ನಾನು ಕಳಿಸಿದ್ದೆ. ಹೋಗಲಾಗದವರನ್ನು ಕಳಿಸುವುದು ಅಡಿಗೆಯವನ ತಪ್ಪು. ಕಳಿಸುವ ಮುಂಚೆ ಅವರ ಮುಖ ನೋಡಿ. ಅವರು ಹೂಂ ಎಂದರೂ ಕಳಿಸಬೇಡಿ."

ಆ ಸಾಲುಗಳನ್ನು ಎಷ್ಟು ಸಲ ಓದಿದೆನೋ. ಮರುದಿನ ಬೆಳಗ್ಗೆ ಹಾಲು ಕರೆದು, ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಮಾಲೂರಿನ ಬಸ್ಸು ಹತ್ತಿದೆ. ಮಾಲೂರಿನಿಂದ ಕೋಲಾರ, ಕೋಲಾರದಿಂದ ಶ್ರೀನಿವಾಸಪುರ.

ಮಾವಿನ ಕಾಲ. ಹಣ್ಣಿನ ಮಂಡಿಯ ಹಿಂದೆ ತಗಡಿನ ಚಾವಣಿ ಹಾಕಿಕೊಂಡು ಅಣ್ಣ ಲಾರಿ ತುಂಬುವವರಿಗೆ, ದಲ್ಲಾಳಿಗಳಿಗೆ, ದೂರದಿಂದ ಬಂದ ವ್ಯಾಪಾರಿಗಳಿಗೆ ಅಡಿಗೆ ಮಾಡುತ್ತಿದ್ದ. ಮೊದಲನೆಯ ಗುಂಪು ಉಂಡು ಎದ್ದಿತ್ತು. ಅವನ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಟವೆಲಿನಿಂದ ಮುಖ ಒರೆಸಿಕೊಂಡು, "ಏನೇ ರತ್ನಾ, ಹೇಳದೆ ಕೇಳದೆ! ಮನೇಲಿ ಎಲ್ಲ ಚೆನ್ನಾಗವ್ರಾ?" ಎಂದ.

ಕೂರಲೂ ಇಲ್ಲ, ಹೇಳಿಬಿಟ್ಟೆ. "ಅಣ್ಣಾ, ಅವತ್ತು ನಾನು ಆ ಮನೆಗೆ ಹೋಗ್ಲೇ ಇಲ್ಲ. ಕೆರೆಕಟ್ಟೆ ಮೇಲೆ ಕೂತಿದ್ದು ಬಂದ್ಬಿಟ್ಟೆ."

"ಗೊತ್ತು ಕಣಮ್ಮ."

"ಯಾವಾಗ ಗೊತ್ತಾಯ್ತು?"

"ಅವತ್ತು ಸಾಯಂಕಾಲಾನೇ. ಮದುವೆಮನೆ ಒಳಗೆ ಹೋದ ಹೆಣ್ಣುಮಗಳು ಮಡಿಲಲ್ಲಿ ಎಲೆಅಡಿಕೆ ಇಲ್ಲದೆ ವಾಪಸ್ಸು ಬರ್ತಾಳೇನೆ? ಎಂಥಾ ಆಗದೋರಾದ್ರೂ ಅರಿಶಿನ ಕುಂಕುಮ ಇಟ್ಟು ಎಲೆಅಡಿಕೆ ಕೊಟ್ಟೇ ಕಳಿಸ್ತಾರೆ. ನೀನು ಬರಿಗೈಲಿ ಬಂದು ನೆಟ್ಟಗೆ ಬಚ್ಚಲಿಗೆ ಹೋಗಿ ಮುಖ ತೊಳ್ಕೊಂಡೆ."

ಸುಳ್ಳು ಹೇಳಲು ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದ ನನಗೆ, ತಾಯಲೂರಿನ ಅಂಗಡಿಯಲ್ಲಿ ಎರಡು ಎಲೆ ಒಂದು ಅಡಿಕೆ ಕೊಂಡು ಮಡಿಲಿಗೆ ಹಾಕಿಕೊಳ್ಳಬೇಕೆಂದು ಹೊಳೆದಿರಲಿಲ್ಲ.

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ ಅಣ್ಣಾ? ನೀನೇ ಹೋಗಿ ಕೇಳಬಹುದಾಗಿತ್ತಲ್ಲ."

ಅಣ್ಣ ಕಲ್ಲುಚಪ್ಪಡಿಯ ಮೇಲೆ ಕೂತು ನನ್ನನ್ನೂ ಕೂರಿಸಿದ. "ಹೋಗಬಹುದಾಗಿತ್ತು. ಹೋಗಿದ್ರೆ, ಅಣ್ಣನಿಗೆ ಗೊತ್ತಾಗೋಯ್ತು ಅಂತ ನಿನಗೆ ಗೊತ್ತಾಗ್ತಿತ್ತು. ನಿನ್ನ ಮುಖ ಅವತ್ತೇ ಸುಟ್ಟ ಬದನೇಕಾಯಿ ಆಗಿತ್ತು. ಅದಕ್ಕೇ ನನ್ನ ಬುದ್ಧಿ ಓಡಿಸ್ದೆ. ಗೂಡಿನ ರೇಟು, ಹೂವಿನ ರೇಟು ಎಲ್ಲಾ ನೋಡಿ ನೂರೈವತ್ತೆಲೆ ಜಾಸ್ತೀನೇ ಹಾಕ್ಕೊಂಡು ಹೋಗಿದ್ದೆ. ಸಾಕಾಗುತ್ತೆ ಅಂದ್ಕೊಂಡೆ. ಸಾಕಾಗ್ಲಿಲ್ಲ. ಅಂದಾಜು ತಪ್ಪಿದ್ದು ನಂದು ಅಂತ ಆ ಯಮ್ಮನಿಗೆ ಹೇಳಿದ್ನಲ್ಲ, ನಿಜಾನೇ ಹೇಳ್ದೆ."

ಎಂಟು ವರ್ಷ ನಾನು, ಅಣ್ಣ ನನಗೋಸ್ಕರ ಕೈಮುಗಿದು ಸುಳ್ಳು ಹೇಳಿದ ಎಂದುಕೊಂಡಿದ್ದೆ. ಅವನು ಹೇಳಿದ್ದು ನಿಜವಾಗಿತ್ತು.

"ಸೇಡು ಅಂತ ಅಂದ್ಳಲ್ಲ, ಆಗಲಾದ್ರೂ ನಾನು ಬಾಯಿ ಬಿಡಬೇಕಾಗಿತ್ತು."

"ಬಿಟ್ಟಿದ್ರೆ? ಹುಡುಗಿ ಸೇಡು ತೀರಿಸ್ಕೊಂಡ್ಳು ಅಂತಿದ್ರು. ಆಮೇಲೆ ನಿನ್ನ ಯಾರ್ ಮಾಡ್ಕೊಳ್ಳೋರು? ನಾನು ಗಂಡಸು, ಕೊಪ್ಪರಿಗೆ ಮಾರಿ ಇಲ್ಲಿಗೆ ಬಂದೆ. ಇಲ್ಲಿ ಮಾನ ಹೋಯ್ತು ಅಂತ ಯಾರೂ ಕೂಗಾಡಲ್ಲ. ಹಸಿವು ಅಂತ ಬರ್ತಾರೆ, ಉಣ್ತಾರೆ, ಹೋಗ್ತಾರೆ." ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೇಳಿದ: "ಆದ್ರೆ ಒಂದು ಬೇಜಾರು ಇದೆ ಕಣೇ. ಅದನ್ನ ಮುಚ್ಚಿಡಲ್ಲ."

ನಾನು ತಲೆ ತಗ್ಗಿಸಿದೆ. ದೊಡ್ಡ ಅಡಿಗೆ ಬಿಟ್ಟ ನೋವನ್ನೇ ಹೇಳುತ್ತಾನೆ ಎಂದುಕೊಂಡೆ.

"ಎಂಟು ವರ್ಷ ಬೇಕಾಯ್ತಾ ನಿನಗೆ? ಮಾಸ್ತಿಯಿಂದ ಬಸ್ಸು ಬಿಟ್ಟಿರಲಿಲ್ವಾ? ಹಬ್ಬಕ್ಕೆ ಬಂದ್ರೆ ಒಲೆ ಮುಂದೆ ಬೆನ್ನು ತಿರುಗಿಸ್ಕೊಂಡು ಕೂತಿರ್ತಿದ್ದೆ. ನನ್ನ ತಂಗಿ ಬೆನ್ನು ನೋಡೋಕೆ ನಾನು ಅಷ್ಟು ದೂರ ಬರಬೇಕಾಗಿತ್ತಾ?"

ನನಗೆ ಅಳು ಬಂತು. ಒಳಗಿನಿಂದ ಅತ್ತಿಗೆ ಮಜ್ಜಿಗೆ ತಂದವರು, "ಏನ್ರೀ, ಬಂದ ತಕ್ಷಣ ಅಳಿಸಿದ್ರಾ?" ಎಂದು ಅಣ್ಣನ ಮೇಲೆ ರೇಗಿದರು. "ನಾನಲ್ಲ ಕಣೇ, ನನ್ನ ಪುಸ್ತಕ ಅಳಿಸಿದ್ದು. ಇರೋದ್ರಲ್ಲಿ ಇವಳೊಬ್ಬಳೇ ಪೂರ್ತಿ ಓದಿರೋದು" ಎಂದು ಅಣ್ಣ ನಕ್ಕ. ಅಳುತ್ತಲೇ ನಾನೂ ನಕ್ಕೆ. ಆಮೇಲೆ ಲಾರಿಯವರ ಪಕ್ಕದಲ್ಲೇ ಒಂದು ಎಲೆ ಹಾಕಿ ಅವನೇ ಬಡಿಸಿದ. ಅನ್ನ, ಮಾವಿನಕಾಯಿ ಬೇಳೆಸಾರು, ಹುರುಳಿಕಾಯಿ ಪಲ್ಯ. ಎರಡನೆಯ ಸಲ ಅನ್ನ ಹಾಕಿಸಿಕೊಂಡೆ. ಮೂರನೆಯ ಸಲವೂ ಹಾಕಿಸಿಕೊಂಡೆ. ಎದುರಿಗೆ ಕೂತಿದ್ದ ಮೂಟೆ ಹೊರುವವನು ನನ್ನ ಎಲೆ ನೋಡಿ, "ಅಮ್ಮಯ್ಯ ನಮ್ಮನ್ನೇ ಮೀರಿಸ್ತಾಳೆ ಬಿಡಣ್ಣೋ" ಎಂದ.

ಅದಾದ ಮೇಲೆ ಅಣ್ಣ ನಾಲ್ಕು ವರ್ಷವಿದ್ದ. ಆ ನಾಲ್ಕು ವರ್ಷ ನಾನು ತಿಂಗಳಿಗೊಮ್ಮೆಯಾದರೂ ಹೋಗಿ ಬರುತ್ತಿದ್ದೆ. ಧಾರಣೆ ನೋಡುವ ಬಗೆ ಮುಗಿಯಲಿಲ್ಲ. ಎದೆನೋವು ಬಂದ ದಿನವೂ ಮಂಡಿಯಲ್ಲಿ ಮಾವಿನ ರೇಟು ಕೇಳಿಕೊಂಡು ಬಂದಿದ್ದನಂತೆ. ಆ ನೋಟ್‌ಬುಕ್ಕಿನ ಕೊನೆಯ ಪುಟಗಳು ಖಾಲಿ ಇವೆ. ಅವನಿಲ್ಲದ ಮೇಲೆ ಸಂತೆಯಲ್ಲಿ ರೇಟು ಕೇಳಿ ಸುಮ್ಮನೆ ಬರುವುದು ನನಗೆ ಅಭ್ಯಾಸವಾಗಿದೆ. ಯಾಕೆ ಕೇಳಿದೆ ಎಂದು ಯಾರಾದರೂ ಕೇಳಿದರೆ ಹೇಳಲು ಬರುವುದಿಲ್ಲ.

ಆದರೆ ಅಣ್ಣ ನೆನಪಾದಾಗ ನನಗೆ ಮೊದಲು ಬರುವುದು ಶ್ರೀನಿವಾಸಪುರದಲ್ಲಿ ಎಲ್ಲ ಹೇಳಿಕೊಂಡ ಆ ದಿನದ ಸಂಜೆ. ಬೆಂಗಳೂರಿಗೆ ಹೋಗುವ ಬಸ್ಸಿಗೆ ಹತ್ತಿಸಿ, ಕೋಲಾರದಲ್ಲಿ ಇಳಿದು ಮಾಲೂರಿನ ಬಸ್ಸು ಹಿಡಿ ಎಂದು ಎರಡೆರಡು ಸಲ ಹೇಳಿ ಅಣ್ಣ ಇಳಿದುಹೋಗಿದ್ದ. ಕಿಟಕಿಗೆ ತಲೆ ಆನಿಸಿದ್ದಷ್ಟೇ ಗೊತ್ತು. ಕೋಲಾರ ಬಂದದ್ದು, ಜನ ಇಳಿದದ್ದು, ಹತ್ತಿದ್ದು ಯಾವುದೂ ತಿಳಿಯಲಿಲ್ಲ. ಕಂಡಕ್ಟರು ಭುಜದ ಹತ್ತಿರ ಸೀಟು ತಟ್ಟಿ ಎಬ್ಬಿಸಿದಾಗ ಬಸ್ಸು ನರಸಾಪುರದಲ್ಲಿ ನಿಂತಿತ್ತು.

"ಏನಮ್ಮಾ, ಕೋಲಾರ ಅಂತ ಅಷ್ಟು ಬಡ್ಕೊಂಡೆ. ಮನೇಲಿ ನಿದ್ದೆ ಮಾಡಲ್ವಾ ನೀವು?"

"ಮಾಡಿರಲಿಲ್ಲ ಕಣಪ್ಪಾ" ಎಂದೆ. ಸೆರಗು ಸರಿಮಾಡಿಕೊಂಡು ಕೆಳಗಿಳಿದು, ಮಾಲೂರಿನ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳುತ್ತಾ ನಡೆದೆ.